ಗ್ಯಾಸ್ ತುಂಬುವ ಮೊದಲು: ಎಸಿ ಮೆಕ್ಯಾನಿಕ್‌ಗೆ ಹನ್ನೆರಡು ಸೂತ್ರಗಳು

ಶಿವರಾತ್ರಿ ಕಳೆಯಿತೆಂದರೆ ಮಳವಳ್ಳಿಯ ಗ್ಯಾರೇಜುಗಳಲ್ಲಿ ಎಸಿ ಕೆಲಸ ಶುರು. ಕಾರಿನಿಂದ ಇಳಿಯುವ ಮೊದಲೇ ಗಿರಾಕಿ ಹೇಳುವ ಮಾತು ಒಂದೇ: "ಗ್ಯಾಸ್ ಖಾಲಿ ಆಗ್ಬುಟ್ಟದೆ ಕಣಣ್ಣ, ತುಂಬ್ಬುಡು." ತುಂಬಿ ಕಳಿಸಿದರೆ ಆ ದಿನದ ದುಡಿಮೆ ಗಿಟ್ಟುತ್ತದೆ. ಯುಗಾದಿಗೆ ತುಂಬಿದ್ದು ಬಸವ ಜಯಂತಿಯ ಹೊತ್ತಿಗೆ ಮತ್ತೆ ಖಾಲಿಯಾದರೆ ಮಾತ್ರ ಆ ಗಿರಾಕಿ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಮಂಡ್ಯಕ್ಕೋ ಮೈಸೂರಿಗೋ ಹೋಗುತ್ತಾನೆ. ಈ ಕಸುಬಿನಲ್ಲಿ ಹೆಸರು ನಿಲ್ಲುವುದು ದೋಷ ಹುಡುಕಿದವನದು. ಈಗಷ್ಟೇ ಸ್ಪ್ಯಾನರ್ ಹಿಡಿದಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ನಿಂತು ನೋಡುವ ಕಾರಿನ ಮಾಲೀಕರೂ ಓದಿಕೊಂಡರೆ ಒಳ್ಳೆಯದು.

1. ಗ್ಯಾಸ್ ಖರ್ಚಾಗುವ ವಸ್ತುವಲ್ಲ ಎಂದು ತಿಳಿದಿರಿ.

ಅದು ಪೆಟ್ರೋಲಲ್ಲ. ಕಂಪ್ರೆಸರ್ ಒತ್ತಿ ಬಿಸಿ ಮಾಡಿದ ಗ್ಯಾಸು ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಕಾವು ಬಿಟ್ಟು ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ನುಸುಳಿ, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಕುದಿದು, ಕಾರಿನೊಳಗಿನ ಸೆಕೆಯನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಬರುತ್ತದೆ. ನಮ್ಮ ಕಾರುಗಳಲ್ಲಿ ಹೆಚ್ಚಾಗಿರುವ ಆರ್-134ಎ ಬಯಲಿಗೆ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಸಣ್ಣ ಕಾರಿನಲ್ಲಿ ಅದು ಇರುವುದೇ ಅರ್ಧ ಕೆಜಿಯ ಆಸುಪಾಸು. ರಬ್ಬರ್ ಪೈಪಿನಿಂದ ವರ್ಷಗಟ್ಟಲೆ ಒಂದಿಷ್ಟು ಜಿನುಗುವುದುಂಟು, ಅದು ಸಹಜ. ಎರಡು ತಿಂಗಳಲ್ಲಿ ಖಾಲಿಯಾಯಿತೆಂದರೆ ಎಲ್ಲೋ ತೂತಿದೆ.

2. ಬಾನೆಟ್ ಎತ್ತುವ ಮೊದಲು ಗಿರಾಕಿಯ ಬಾಯಿ ಬಿಡಿಸಿ.

"ಯಾವಾಗ ತಣ್ಣಗೆ ಬರಲ್ಲ?" ಎಂದು ಕೇಳಿ. ಹಲಗೂರಿನ ರಸ್ತೆಯಲ್ಲಿ ಚೆನ್ನಾಗಿದ್ದು, ಪೇಟೆಯೊಳಗೆ ಬಂದು ನಿಂತಾಗ ಬಿಸಿಯಾದರೆ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಬೆಂಗಳೂರಿಗೆ ಹೊರಟ ಒಂದು ಗಂಟೆಗೆ ಗಾಳಿಯ ರಭಸ ಇಳಿದು, ಎಸಿ ಆರಿಸಿ ಐದು ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆಯೇ? ಕೂಲಿಂಗ್ ಕಾಯಿಲಿಗೆ ಮಂಜು ಕಟ್ಟುತ್ತಿದೆ. ನಿನ್ನೆ ಇದ್ದದ್ದು ಇವತ್ತು ಪೂರಾ ನಿಂತಿದ್ದರೆ ವೈರಿಂಗ್ ಅಥವಾ ಒಡೆದ ಪೈಪು. ವಾರವಾರ ತಂಪು ಕಡಿಮೆಯಾಗುತ್ತಾ ಬಂದಿದ್ದರೆ ಸೋರಿಕೆ ಅಥವಾ ಕಸ. ಅರ್ಧ ದೋಷ ಈ ಮಾತುಕತೆಯಲ್ಲೇ ಸಿಗುತ್ತದೆ.

3. ಗಾಳಿ ಬೇರೆ, ತಂಪು ಬೇರೆ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಯಾಸಿನ ಮಾತು ಆಮೇಲೆ. ಬಹಳಷ್ಟು ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಕ್ಯಾಬಿನ್ ಫಿಲ್ಟರ್ ಇರುತ್ತದೆ. ಅದನ್ನು ಎಳೆದು ಬೆಳಕಿಗೆ ಹಿಡಿಯಿರಿ. ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ ಎಂದರೆ ಅದರ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು.

4. ಕಂಡೆನ್ಸರನ್ನು ನಮ್ಮೂರಿನ ಕಣ್ಣಿನಿಂದ ನೋಡಿ.

ಕಂಪನಿಯ ಪುಸ್ತಕದಲ್ಲಿ ಇದಕ್ಕೆ ಒಂದೇ ಸಾಲು ಇರಬಹುದು, ಮಳವಳ್ಳಿಯಲ್ಲಿ ಇದೇ ದೊಡ್ಡ ಅಧ್ಯಾಯ. ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ ಹೋದ ಕಾರಿನ ಮುಂಭಾಗಕ್ಕೆ ಕಬ್ಬಿನ ಸೋಗೆಯ ಚೂರು ಬಡಿಯುತ್ತದೆ. ಭತ್ತದ ಕಟಾವಿನ ಕಾಲದಲ್ಲಿ ಹೊಟ್ಟು, ರಾಗಿ ಒಕ್ಕಣೆಯ ಕಾಲದಲ್ಲಿ ದೂಳು, ನಾಲೆ ಏರಿಯ ಮೇಲೆ ಓಡಾಡುವ ಗಾಡಿಗಾದರೆ ಒಣಗಿದ ಕೆಸರು. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೊಕ್ಕಟವಾಗಿಯೇ ಕಾಣಬಹುದು. ಅದಕ್ಕೂ ರೇಡಿಯೇಟರಿಗೂ ನಡುವಿನ ಬೆರಳಗಲದ ಸಂದಿಗೆ ಟಾರ್ಚ್ ಬಿಟ್ಟು ನೋಡಿ; ಅಲ್ಲಿ ಕಂಬಳಿ ಹೊದಿಸಿದಂತೆ ಕಸ ಕೂತಿರುತ್ತದೆ. ಮೆಲ್ಲಗೆ ಹರಿಯುವ ನೀರಿನಲ್ಲಿ, ಆದಷ್ಟೂ ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ಪ್ರೆಷರ್ ವಾಷಿನ ಪೈಪನ್ನು ಹತ್ತಿರ ಹಿಡಿದರೆ ತೆಳುವಾದ ಫಿನ್ನುಗಳು ಮಡಚಿಕೊಂಡು, ಇದ್ದ ಗಾಳಿಯ ದಾರಿಯೂ ಮುಚ್ಚಿಹೋಗುತ್ತದೆ.

ಹುರುಳಿಯ ಕಾಲದಲ್ಲಿ ಇನ್ನೊಂದು ಕೆಲಸ ಮರೆಯಬೇಡಿ. ರಸ್ತೆಗೆ ಹಾಸಿದ ಹುರುಳಿ ಬಳ್ಳಿ ಗಾಡಿಯಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಗುಲಿ ಕಾರುಗಳಿಗೆ ಬೆಂಕಿ ಬಿದ್ದದ್ದು ನಮ್ಮ ಹಳೇ ಮೈಸೂರು ಸೀಮೆಯಲ್ಲಿ ನಡೆದಿದೆ. ಎಸಿ ಕೆಲಸಕ್ಕೆಂದೇ ಬಂದ ಕಾರಾದರೂ ಒಮ್ಮೆ ಬಗ್ಗಿ ಅಡಿ ನೋಡಿ, ಬಳ್ಳಿ ಸಿಕ್ಕಿಕೊಂಡಿದ್ದರೆ ಕಿತ್ತು ಕಳಿಸಿ.

5. ಕಂಡೆನ್ಸರಿನ ಫ್ಯಾನ್ ತಿರುಗಿದರೆ ಸಾಲದು, ಸರಿಯಾದ ವೇಗದಲ್ಲಿ, ಸರಿಯಾದ ದಿಕ್ಕಿಗೆ ತಿರುಗಬೇಕು. ಮೋಟಾರು ಬದಲಿಸಿದ ಕಾರಿನಲ್ಲಿ ವೈರು ಅದಲುಬದಲಾಗಿ ಗಾಳಿ ಉಲ್ಟಾ ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಗ್ರಿಲ್ಲಿಗೆ ಒಂದು ಕಾಗದ ಹಿಡಿಯಿರಿ. ಒಳಕ್ಕೆ ಅಂಟಿಕೊಂಡರೆ ಸರಿ.

6. ಕಂಪ್ರೆಸರ್ ಕ್ಲಚ್ಚಿನ ಸದ್ದಿಗೆ ಕಿವಿಗೊಡಿ.

ಎಸಿ ಒತ್ತಿದಾಗ ಕಂಪ್ರೆಸರಿನಿಂದ 'ಟಕ್' ಎಂದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಪ್ರೆಷರ್ ಸ್ವಿಚ್, ವೈರು, ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ. ಗದ್ದೆ, ಕಬ್ಬಿನ ತೋಟದ ಮಗ್ಗುಲಲ್ಲಿ ಕಾರು ನಿಲ್ಲಿಸುವವರ ಮನೆಯಿಂದ ಬಂದಿದ್ದರೆ ಇಲಿಯನ್ನು ಮೊದಲು ನೆನೆಯಿರಿ. ಅದು ಕಡಿದ ವೈರು ಹೆಚ್ಚಾಗಿ ಮೇಲ್ನೋಟಕ್ಕೆ ಕಾಣುವುದಿಲ್ಲ, ಹಿಕ್ಕೆ ಕಾಣುತ್ತದೆ.

ಗ್ಯಾಸ್ ತೀರಾ ಇಳಿದಾಗ ಪ್ರೆಷರ್ ಸ್ವಿಚ್ಚೇ ಕಂಪ್ರೆಸರನ್ನು ತಡೆಯುತ್ತದೆ. ಸ್ವಿಚ್ಚಿಗೆ ವೈರು ಕೊಟ್ಟು ದಾಟಿಸಿ ಓಡಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸಿಲ್ಲದೆ ಓಡಿದರೆ ಒಣಗಿ ಉಜ್ಜಿ, ಅದರ ಲೋಹದ ಪುಡಿ ಇಡೀ ಲೈನಿಗೆ ಹರಡುತ್ತದೆ. ಹೊಸ ಕಾರುಗಳಲ್ಲಿ ಕೆಲವಕ್ಕೆ ಕ್ಲಚ್ಚೇ ಇರುವುದಿಲ್ಲ, ಸದ್ದಿಗೆ ಕಾಯುತ್ತಾ ಕೂರದೆ ಸ್ಕ್ಯಾನರ್ ಹಾಕಿ.

7. ಪೈಪು ಮುಟ್ಟಿ ನೋಡಿ. ಕೂಲಿಂಗ್ ಕಾಯಿಲಿನಿಂದ ವಾಪಸು ಬರುವ ದಪ್ಪ ಪೈಪು ತಣ್ಣಗಿದ್ದು ಬೆವರಬೇಕು, ಒಳಹೋಗುವ ಸಣ್ಣ ಪೈಪು ಬೆಚ್ಚಗಿರಬೇಕು. ಸಣ್ಣ ಪೈಪಿನ ನಡುವೆ ಎಲ್ಲಾದರೂ ತಣ್ಣಗಾಗಿ ಮಂಜು ಕೂತಿದ್ದರೆ ಅಡಚಣೆ ಅಲ್ಲೇ. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪಿಗೆ ಮಾತ್ರ ಕೈ ಹಾಕಬೇಡಿ, ಬೊಬ್ಬೆ ಬರುತ್ತದೆ.

8. ಎರಡು ಗೇಜನ್ನೂ ಜೋಡಿಯಾಗಿ ಓದಿ.

ಎಂಜಿನ್ ಆರಿಸಿ ತಣ್ಣಗಾದ ಕಾರಿಗೆ ಗೇಜ್ ಹಾಕಿದರೆ 30 ಡಿಗ್ರಿ ಹವೆಯಲ್ಲಿ ಎರಡೂ ಕಡೆ ಸುಮಾರು 95 ಪಿಎಸ್ಐ ತೋರಿಸುತ್ತದೆ. ಅದನ್ನು ನೋಡಿ "ಗ್ಯಾಸ್ ಫುಲ್ ಇದೆ" ಎನ್ನುವವರಿದ್ದಾರೆ. ಅಡುಗೆ ಮನೆಯ ಸಿಲಿಂಡರನ್ನು ನೆನೆಸಿಕೊಳ್ಳಿ: ತಳದಲ್ಲಿ ದ್ರವ ಉಳಿದಿರುವವರೆಗೂ ಒಲೆಯ ಉರಿ ಒಂದೇ ಸಮ, ಎಷ್ಟು ಉಳಿದಿದೆ ಎಂದು ಉರಿ ಹೇಳುವುದಿಲ್ಲ. ಇಲ್ಲೂ ಹಾಗೆಯೇ. ನಿಂತ ಗಾಡಿಯ ಒತ್ತಡ ಗ್ಯಾಸ್ ಇದೆ ಎನ್ನುತ್ತದೆ, ಎಷ್ಟಿದೆ ಎನ್ನುವುದಿಲ್ಲ.

ಓಡುವಾಗಿನ ಅಂಕಿ ಕಾರಿನಿಂದ ಕಾರಿಗೆ ಬೇರೆ. ನಮ್ಮ ಬಿಸಿಲಿಗೆ ಸಾಮಾನ್ಯವಾಗಿ ಕಡಿಮೆ ಒತ್ತಡದ ನೀಲಿ ಗೇಜು 25ರಿಂದ 45, ಹೆಚ್ಚು ಒತ್ತಡದ ಕೆಂಪು ಗೇಜು 175ರಿಂದ 250ರ ನಡುವೆ ಆಡುತ್ತದೆ. ಎರಡೂ ತಗ್ಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಏರಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಕಂಡೆನ್ಸರ್ ಉಸಿರಾಡುತ್ತಿಲ್ಲ. ಆಗ ಕಂಡೆನ್ಸರಿಗೆ ನೀರು ಎರಚಿ, ಕೆಂಪು ಮುಳ್ಳು ಸರ್ರನೆ ಇಳಿದರೆ ನಾಲ್ಕನೇ ಸೂತ್ರಕ್ಕೆ ಹಿಂತಿರುಗಿ. ನೀಲಿ ಏರಿ ಕೆಂಪು ತಗ್ಗಿದ್ದರೆ ಕಂಪ್ರೆಸರ್ ಸೋತಿದೆ. ನೀಲಿ ಸೊನ್ನೆಯ ಹತ್ತಿರ ಕುಸಿದು, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗಿ, ಮತ್ತೆ ಕುಸಿಯುತ್ತಿದ್ದರೆ ಒಳಗೆ ನೀರಿನಂಶವಿದ್ದು ವಾಲ್ವಿನ ಕಿಂಡಿಯಲ್ಲಿ ಹೆಪ್ಪುಗಟ್ಟುತ್ತಿದೆ, ತೇವ ಹೀರುವ ಡ್ರೈಯರ್ ಬದಲಿಸಬೇಕು.

9. ತೂತು ಸಿಗುವವರೆಗೆ ಸಿಲಿಂಡರ್ ಮುಟ್ಟಬೇಡಿ.

ಬೆಂಗಳೂರಿಗೆ ಬಾಡಿಗೆ ಓಡಿಸುವ ಒಬ್ಬ ಹುಡುಗ ಒಂದೇ ಬೇಸಿಗೆಯಲ್ಲಿ ಮೂರು ಸಲ ಬೇರೆ ಬೇರೆ ಕಡೆ ಗ್ಯಾಸ್ ತುಂಬಿಸಿಕೊಂಡು ನನ್ನ ಬಳಿ ಬಂದಿದ್ದ. ಕಾರಿನ ಕಂತು ಕಟ್ಟುವ ದುಡ್ಡು ಅದಕ್ಕೇ ಹೋಗಿತ್ತು. ಸರ್ವಿಸ್ ವಾಲ್ವಿಗೆ ಮುಚ್ಚಳ ಇರಲಿಲ್ಲ. ಮೇಲೆ ಸೋಪಿನ ನೀರು ಬಿಟ್ಟೆ. ಒಂದೊಂದೇ ಗುಳ್ಳೆ ನಿಧಾನಕ್ಕೆ ಊದಿಕೊಂಡಿತು. ಗ್ಯಾಸ್ ತುಂಬುವ ವಾಲ್ವೇ ಗ್ಯಾಸನ್ನು ಹೊರಬಿಡುತ್ತಿತ್ತು. ಬದಲಿಸಿದ್ದು ಸೈಕಲ್ ಟ್ಯೂಬಿನ ವಾಲ್ವಿನಷ್ಟು ಸಣ್ಣ ಭಾಗ. ಅವನ ಮುಖ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮೂರು ಜನರಲ್ಲಿ ಒಬ್ಬರು ಹತ್ತು ನಿಮಿಷ ಹುಡುಕಿದ್ದರೂ ಸಾಕಿತ್ತು.

ಮೊದಲು ಎಣ್ಣೆಯ ಜಿಡ್ಡು ಹುಡುಕಿ. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಬಂದು ದೂಳು ಅಂಟಿರುತ್ತದೆ. ಕಂಡೆನ್ಸರಿನ ಕಲ್ಲು ಬಡಿಯುವ ಕೆಳ ಅಂಚು, ಜಾಯಿಂಟುಗಳ ಓ-ರಿಂಗು, ಕಂಪ್ರೆಸರಿನ ಮೂತಿ ನೋಡಿ. ಕಾಣದಿದ್ದರೆ ಒಣ ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ. ಟೈರಿಗೆ ಬಿಡುವ ಗಾಳಿ ಬೇಡ, ಅದರಲ್ಲಿ ತೇವವಿದೆ. ವೆಲ್ಡಿಂಗ್ ಆಕ್ಸಿಜನ್ ಅಂತೂ ಎಂದಿಗೂ ಬೇಡ, ಎಣ್ಣೆಗೆ ತಾಗಿ ಸಿಡಿಯಬಹುದು. ಪಂಪಿನಿಂದ ಎಳೆದ ವ್ಯಾಕ್ಯೂಮ್ ಇಳಿಯದೆ ನಿಂತಿತು ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎನ್ನಲಾಗದು. ಒಳಕ್ಕೆ ಎಳೆದಾಗ ಮುಚ್ಚಿಕೊಳ್ಳುವ ಓ-ರಿಂಗು 200 ಪಿಎಸ್ಐ ಒತ್ತಿದಾಗ ಬಾಯಿ ಬಿಡುತ್ತದೆ.

10. ತುಂಬುವಾಗ ತಕ್ಕಡಿ ಬಳಸಿ. ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ಗ್ಯಾಸಿನ ಜಾತಿ, ಗ್ರಾಂ ಬರೆದಿರುತ್ತದೆ. ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು, ಅಷ್ಟೇ ತೂಗಿ ತುಂಬಿ. "ಇನ್ನೊಂಚೂರು ಬುಡಣ್ಣ" ಎಂದು ಗಿರಾಕಿ ಕೇಳಿದರೂ ಬೇಡ. ಹೆಚ್ಚಾದರೆ ತಂಪು ಇಳಿಯುತ್ತದೆ. ಹೆಸರು ಚೀಟಿ ಇಲ್ಲದ ಅಗ್ಗದ ಸಿಲಿಂಡರನ್ನು ಅಂಗಡಿಯೊಳಗೇ ಸೇರಿಸಬೇಡಿ.

11. ಕಾರಿನಡಿ ತೊಟ್ಟಿಕ್ಕುವ ನೀರನ್ನು ಓದಿ.

1902ರಲ್ಲಿ ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಅದೇ ವರ್ಷ ಅಮೆರಿಕದಲ್ಲಿ ವಿಲ್ಲಿಸ್ ಕ್ಯಾರಿಯರ್ ಒಂದು ಮುದ್ರಣಾಲಯಕ್ಕಾಗಿ ಹವಾನಿಯಂತ್ರಣ ಯಂತ್ರದ ನಕ್ಷೆ ಬರೆದ. ಅವನಿಗೆ ಒಪ್ಪಿಸಿದ್ದ ಕೆಲಸ ಗಾಳಿಯ ತೇವ ತೆಗೆಯುವುದು. ತೇವಕ್ಕೆ ಕಾಗದ ಹಿಗ್ಗಿ ಬಣ್ಣದ ಅಚ್ಚು ಕದಲುತ್ತಿತ್ತು. ಇವತ್ತಿಗೂ ಎಸಿ ಮಾಡುವ ಅರ್ಧ ಕೆಲಸ ಅದೇ. ಮಳೆಗಾಲದ ಸೆಕೆಯಲ್ಲಿ ಕಾರಿನಡಿ ನೀರು ಧಾರಾಳವಾಗಿ ತೊಟ್ಟಿಕ್ಕಿದರೆ ಕಾಯಿಲ್ ಚೆನ್ನಾಗಿ ದುಡಿಯುತ್ತಿದೆ. ಹೊರಗೆ ಬೀಳದೆ ಕಾಲಡಿಯ ಮ್ಯಾಟು ಒದ್ದೆಯಾದರೆ ಡ್ರೈನ್ ಪೈಪು ಕಟ್ಟಿದೆ. ಆ ನೀರಿಗೆ ಬಣ್ಣವಿದ್ದು ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರುವ ಕೂಲೆಂಟ್.

12. ಹಳೇ ಗ್ಯಾಸನ್ನು ಗಾಳಿಗೆ ಬಿಡಬೇಡಿ.

ಭೂಮಿ ಬಿಸಿ ಮಾಡುವುದರಲ್ಲಿ ಆರ್-134ಎ ಇಂಗಾಲದ ಡೈಆಕ್ಸೈಡಿಗಿಂತ 1,400 ಪಟ್ಟಿಗೂ ಹೆಚ್ಚು. ಒಂದು ಸಣ್ಣ ಕಾರಿನ 400 ಗ್ರಾಂ ಬಿಟ್ಟರೆ 570 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. 2016ರ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ. 2032ರಿಂದ ಇಂಥ ಗ್ಯಾಸುಗಳ ಬಳಕೆ ಹಂತಹಂತವಾಗಿ ಇಳಿಯಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಕೂತು ನೀರಿಗೆ ಕಾಯುವ ನಮಗೆ ಭೂಮಿ ಬಿಸಿಯಾಗಿ ಮಳೆ ತಪ್ಪುವುದೆಂದರೇನು ಎಂದು ಬೇರೆಯವರು ಹೇಳಿಕೊಡಬೇಕಿಲ್ಲ. ಗ್ಯಾಸನ್ನು ಹಿಂದಕ್ಕೆ ಎಳೆದುಕೊಳ್ಳುವ ರಿಕವರಿ ಯಂತ್ರ ದುಬಾರಿ ನಿಜ. ನಾಲ್ಕು ಗ್ಯಾರೇಜಿನವರು ಸೇರಿ ಒಂದು ಕೊಂಡರೂ ಆಗುತ್ತದೆ.

ಕೆಲಸ ಮುಗಿದ ಮೇಲೆ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಸಿ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ, ಮಧ್ಯಾಹ್ನದ ಬಿಸಿಲಲ್ಲಿ ಮಾರೇಹಳ್ಳಿವರೆಗೆ ಹೋಗಿ ಬನ್ನಿ. ಹೊರಗೆ 34 ಡಿಗ್ರಿ ಇದ್ದಾಗ ಕಿಂಡಿಯಲ್ಲಿ 8ರಿಂದ 12 ಬಂದರೆ ಸರಿ. ವಾಪಸು ಬಂದು ಗ್ಯಾರೇಜಿನ ಮುಂದೆ ಎಂಜಿನ್ ಆರಿಸದೆ ಐದು ನಿಮಿಷ ನಿಲ್ಲಿಸಿ. ಮುಳ್ಳು 15 ದಾಟದಿದ್ದರೆ, ರಿಪೇರಿಗೆ ಮೊದಲಿನ ಅಂಕಿ, ಈಗಿನ ಅಂಕಿ, ತುಂಬಿದ ಗ್ರಾಂ, ಮೂರನ್ನೂ ಬಿಲ್ಲಿನ ಮೇಲೆ ಬರೆದು, ಬಿಚ್ಚಿದ ಹಳೇ ಭಾಗದ ಜೊತೆ ಕೀ ಕೊಡಿ.