ಚೀನಾ ಪ್ರವಾಸದಲ್ಲಿ ಹೊಟ್ಟೆ ಕೆಟ್ಟಾಗ ಊಟವೇನು?

ವ್ಯಾಪಾರಕ್ಕೆಂದು ಗುವಾಂಗ್‌ಝೌ, ಇವೂ ನಗರಗಳಿಗೆ ಹೋಗಿ ಬರುವವರು ನಮ್ಮಲ್ಲಿದ್ದಾರೆ. ವೈದ್ಯಕೀಯ ಓದಲು ಚೀನಾಕ್ಕೆ ಹೋದ ಮಕ್ಕಳೂ ಇದ್ದಾರೆ. ಅಲ್ಲಿ ವಾಂತಿ, ಭೇದಿ ಶುರುವಾದರೆ ಹಲವರು ಕೋಣೆಯ ಬಾಗಿಲು ಹಾಕಿಕೊಂಡು ಊರಿನಿಂದ ತಂದ ರಸ್ಕು, ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಾರೆ. ಚೀನೀ ಊಟವೇ ನಮಗೆ ಆಗದು ಎಂದು ತೀರ್ಮಾನಿಸಿಬಿಡುತ್ತಾರೆ. ಇದು ಸರಿಯಲ್ಲ. ಕೆಟ್ಟ ಹೊಟ್ಟೆಗೆ ಹಿತವಾದ ಆಹಾರ ಆ ಅಡುಗೆಯಲ್ಲೇ ಇದೆ.

ಮೊದಲು ನೀರಿನ ವಿಚಾರ. ಚೀನಾದಲ್ಲಿ ನಲ್ಲಿ ನೀರನ್ನು ನೇರವಾಗಿ ಕುಡಿಯುವ ರೂಢಿಯಿಲ್ಲ. ಅಲ್ಲಿಯವರೇ ಕುದಿಸಿದ ಬಿಸಿನೀರು ಕುಡಿಯುತ್ತಾರೆ. ರೈಲಿನಲ್ಲೂ ನಿಲ್ದಾಣದಲ್ಲೂ ಕುದಿನೀರಿನ ನಲ್ಲಿ ಇರುತ್ತದೆ. ಒಂದು ಫ್ಲಾಸ್ಕ್ ಜೊತೆಗಿದ್ದರೆ ಸಾಕು. ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದ ನೀರನ್ನು ನುಂಗದಂತೆ ಮಕ್ಕಳಿಗೆ ಹೇಳಿಕೊಡಿ. ವುಝೂ ಮಾಡಿದ್ದೇವಲ್ಲ ಎಂದು ಊಟಕ್ಕೆ ಮುಂಚೆ ಸಾಬೂನು ಬಿಡಬೇಡಿ. ಭೇದಿ ಹರಡುವ ಕೆಲವು ವೈರಾಣುಗಳಿಗೆ ಸ್ಯಾನಿಟೈಸರ್ ಕೂಡ ಸಾಬೂನಿನಷ್ಟು ಪರಿಣಾಮಕಾರಿಯಲ್ಲ.

ಭೇದಿಯಲ್ಲಿ ಅಪಾಯ ತರುವುದು ದೇಹದಿಂದ ಹೋಗುವ ನೀರು ಮತ್ತು ಲವಣ. ಆದ್ದರಿಂದ ಊರಿನಿಂದಲೇ ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಎಷ್ಟು ನೀರಿಗೆ ಎಂಬುದನ್ನು ಪೊಟ್ಟಣದ ಮೇಲೆ ಓದಿಕೊಳ್ಳಿ, ಎಲ್ಲವೂ ಒಂದೇ ಅಳತೆಯವಲ್ಲ. ಪೊಟ್ಟಣ ಇಲ್ಲವಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾಗುತ್ತಿದ್ದರೆ ಗುಟುಕು ಗುಟುಕಾಗಿ ಕುಡಿಸಿ. ಮೊಲೆಹಾಲು ನಿಲ್ಲಿಸಬೇಡಿ. ರಮಝಾನಿನಲ್ಲಾದರೆ ರೋಗಿಗೂ ಪ್ರಯಾಣಿಕನಿಗೂ ಉಪವಾಸದಲ್ಲಿ ವಿನಾಯಿತಿ ಇದೆ. ಹಠ ಹಿಡಿದು ನೀರು ಬಿಡುವುದು ಬೇಡ.

ಇನ್ನು ಊಟ. ನಮ್ಮ ಗಂಜಿಯೇ ಅಲ್ಲಿ 'ಝೌ'. ಹೋಟೆಲಿನ ಬೆಳಗಿನ ತಿಂಡಿಗೆ ಸಾಮಾನ್ಯವಾಗಿ ಸಿಗುತ್ತದೆ. ಅಕ್ಕಿ ಕರಗುವಷ್ಟು ಬೇಯಿಸಿದ ಬಿಸಿ ಗಂಜಿ, ಚಿಟಿಕೆ ಉಪ್ಪು: ಹೊಟ್ಟೆ ಕೆಟ್ಟವರಿಗೆ ಬೇರೇನು ಬೇಕು? ಆದರೆ ಹಂದಿಮಾಂಸ ಹಾಕಿದ ಝೌ ಕೂಡ ಬಹಳ ಸಾಮಾನ್ಯ. 'ಬೈ ಝೌ', ಅಂದರೆ ಬಿಳಿ ಗಂಜಿ ಎಂದೇ ಕೇಳಿ. ಒಂದೇ ಸೌಟು ಎರಡಕ್ಕೂ ಬಳಸುತ್ತಾರೆಯೇ ಎಂದೂ ನೋಡಿಕೊಳ್ಳಿ.

ಸ್ವಲ್ಪ ಸುಧಾರಿಸಿದ ಮೇಲೆ ಲಾನ್‌ಝೌ ನೂಡಲ್ಸ್ ಅಂಗಡಿ ಹುಡುಕಿ. ಹುಯಿ ಮುಸ್ಲಿಮರ ಈ ದನದ ಮಾಂಸದ ಸಾರು ಗಾನ್ಸು ಪ್ರಾಂತ್ಯದ್ದಾದರೂ ಚೀನಾದ ಬಹುತೇಕ ನಗರಗಳಲ್ಲಿ ಸಿಗುತ್ತದೆ. ಬೋರ್ಡಿನಲ್ಲಿ 'ಚಿಂಗ್‌ಝೆನ್' ಎಂಬ ಚೀನೀ ಅಕ್ಷರಗಳಿದ್ದರೆ ಅದು ಹಲಾಲ್ ಎಂಬ ಸೂಚನೆ. ಜೊತೆಗೆ ಅರಬಿಯಲ್ಲೂ ಬರೆದಿರುವುದುಂಟು. ನಾದಿದ ಹಿಟ್ಟನ್ನು ನಿಮ್ಮೆದುರೇ ಕೈಯಿಂದ ಎಳೆದು ಎಳೆಯಾಗಿಸಿ, ಕುದಿನೀರಿನಲ್ಲಿ ಬೇಯಿಸಿ, ಬಿಸಿ ಸಾರು ಸುರಿದು ಕೊಡುತ್ತಾರೆ. ತಿಳಿ ಸಾರು, ಬಿಳಿ ಮೂಲಂಗಿ, ಮೇಲೆ ಕೊತ್ತಂಬರಿ. ಆಗಷ್ಟೇ ಕುದಿದು ಬಂದ ಇದು ಗಂಟೆಗಟ್ಟಲೆ ತೆರೆದಿಟ್ಟ ಬಫೆ ಊಟಕ್ಕಿಂತ ಎಷ್ಟೋ ಸುರಕ್ಷಿತ. ಕೆಂಪು ಮೆಣಸಿನೆಣ್ಣೆ ಮಾತ್ರ ಈಗ ಬೇಡ. 'ಬು ಯಾವ್ ಲಾ' ಎನ್ನಿ, ಖಾರ ಬೇಡ ಎಂದರ್ಥ. ಹಸಿ ಕೊತ್ತಂಬರಿಯನ್ನೂ ಎರಡು ದಿನ ಬಿಡಬಹುದು.

ನಿಜವಾಗಿ ಹುಷಾರಾಗಿರಬೇಕಾದದ್ದು ಫ್ರೈಡ್ ರೈಸ್ ವಿಷಯದಲ್ಲಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನವನ್ನು ಹೊರಗೇ ಬಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ. ಇದು ಚೀನಾದ ದೋಷವಲ್ಲ, ನಮ್ಮ ಮನೆಯ ನಿನ್ನೆಯ ಬಿರಿಯಾನಿಗೂ ಅನ್ವಯಿಸುತ್ತದೆ.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಪುಟ್ಟ ಮಕ್ಕಳಿಗೆ ಕೊಡಬಾರದು. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ದೊಡ್ಡವರೂ ನುಂಗಬಾರದು. ಆ್ಯಂಟಿಬಯೋಟಿಕ್ ಕೂಡ ವೈದ್ಯರು ಹೇಳಿದರೆ ಮಾತ್ರ. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿಯಾಗುವುದು, ಆರೆಂಟು ಗಂಟೆ ಮೂತ್ರವೇ ಬಾರದಿರುವುದು, ಮಗು ಮಂಕಾಗಿ ಕಣ್ಣು ಗುಳಿ ಬೀಳುವುದು: ಇವುಗಳಲ್ಲಿ ಒಂದು ಕಂಡರೂ ಗಂಜಿ, ನೂಡಲ್ಸ್ ಎಂದು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಚೀನಾದಲ್ಲಿ ಆಂಬ್ಯುಲೆನ್ಸಿಗೆ 120. ಭಾಷೆ ಬಾರದಿದ್ದರೆ ಹೋಟೆಲಿನ ಕೌಂಟರಿನವರಿಂದಲೇ ಕರೆ ಮಾಡಿಸಿ.