ಹಬ್ಬದ ರಜೆ: ನ್ಯಾಯಸಮ್ಮತ ನಿಯಮವನ್ನು ರೂಪಿಸುವ ಬಗೆ

ನಮ್ಮ ಸಣ್ಣ ಕೈಗಾರಿಕೆಗಳಲ್ಲಿಯೂ ವ್ಯಾಪಾರ ಮಳಿಗೆಗಳಲ್ಲಿಯೂ ಕಾರ್ಮಿಕರ ಅಸಮಾಧಾನಕ್ಕೆ ಸಂಬಳದಷ್ಟೇ ಕಾರಣವಾಗುವ ಇನ್ನೊಂದು ವಿಷಯವೆಂದರೆ ರಜೆ. ಅದರಲ್ಲಿಯೂ ಹಬ್ಬದ ದಿನಗಳ ರಜೆ. ರಜೆಗಳ ಸಂಖ್ಯೆ ಕಡಿಮೆಯಾಯಿತೆಂದು ದೂರುವವರಿಗಿಂತ, ಒಬ್ಬರಿಗೆ ದೊರೆತ ರಜೆ ತಮಗೆ ದೊರೆಯಲಿಲ್ಲವೆಂದು ದೂರುವವರೇ ಹೆಚ್ಚು. ಈ ದೂರು ಮೊದಲು ಬರುವುದು ಸಿಬ್ಬಂದಿ ಅಧಿಕಾರಿಯ, ಅಥವಾ ಇಂದಿನ ಮಾತಿನಲ್ಲಿ ಮಾನವ ಸಂಪನ್ಮೂಲ ಅಧಿಕಾರಿಯ ಮೇಜಿಗೆ. ಅನೇಕ ಘಟಕಗಳಲ್ಲಿ ಲೆಕ್ಕಿಗರೇ ಈ ಹೊಣೆಯನ್ನೂ ಹೊತ್ತಿರುತ್ತಾರೆ. ನಿಯಮ ಮಾಡಿದವರು ಮಾಲೀಕರು, ನೊಂದವರು ಕಾರ್ಮಿಕರು, ಉತ್ತರ ಹೇಳಬೇಕಾದವರು ಮಾತ್ರ ನಡುವೆ ಇರುವ ಈ ಅಧಿಕಾರಿ. ಅವರು ಈ ಸನ್ನಿವೇಶವನ್ನು ಹೇಗೆ ನಿಭಾಯಿಸಬೇಕೆಂಬುದೇ ಈ ಪಾಠದ ವಿಷಯ.

ಅನ್ಯಾಯದ ಮೂರು ಬಗೆಗಳು

ರಜೆಯ ಬಗ್ಗೆ ಬರುವ ಎಲ್ಲ ದೂರುಗಳೂ ಒಂದೇ ತೂಕದವಲ್ಲ. ಮೊದಲು ಅವುಗಳನ್ನು ಬೇರ್ಪಡಿಸಿಕೊಳ್ಳಬೇಕು.

ಒಂದು, ಕಾಯ್ದೆಯನ್ನೇ ಮೀರಿದ ನಿಯಮ. ಕಾಯ್ದೆ ಕೊಡಿಸಿದ ರಜೆಯನ್ನು ಕೊಡದಿರುವುದು, ಕೊಟ್ಟರೂ ಆ ದಿನದ ಸಂಬಳವನ್ನು ಕಡಿತಗೊಳಿಸುವುದು ಈ ಗುಂಪಿಗೆ ಸೇರುತ್ತದೆ.

ಎರಡು, ನಿಯಮ ಸರಿಯಾಗಿದ್ದು ಜಾರಿಯಲ್ಲಿ ಪಕ್ಷಪಾತ. ಕಚೇರಿಯ ಸಿಬ್ಬಂದಿಗೆ ದೀಪಾವಳಿಗೆ ಮೂರು ದಿನ, ಯಂತ್ರದ ಮೇಲೆ ದುಡಿಯುವವರಿಗೆ ಒಂದೇ ದಿನ. ಮೇಸ್ತ್ರಿಗೆ ಬೇಕಾದವರಿಗೆ ಬಾಯಿಮಾತಿನಲ್ಲಿಯೇ ರಜೆ, ಉಳಿದವರಿಗೆ ಅರ್ಜಿಯ ಮೇಲೆ ಅರ್ಜಿ.

ಮೂರು, ಕಾಯ್ದೆಗೂ ವಿರೋಧವಿಲ್ಲ, ಪಕ್ಷಪಾತವೂ ಇಲ್ಲ, ಆದರೆ ಕಾರ್ಮಿಕರಿಗೆ ಹಿಡಿಸದ ನಿಯಮ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ದೀರ್ಘ ರಜೆ ಇಲ್ಲವೆಂಬುದು ಇದಕ್ಕೆ ಉದಾಹರಣೆ.

ಮೊದಲನೆಯದನ್ನು ಕೂಡಲೇ ತಿದ್ದಬೇಕು. ಎರಡನೆಯದಕ್ಕೆ ಪುರಾವೆ ಬೇಕು. ಮೂರನೆಯದಕ್ಕೆ ಕಾರಣವನ್ನು ತಿಳಿಸಿ ಹೇಳಿದರೆ ಸಾಕು. ಮೂರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಮಾಲೀಕರ ಮುಂದೆ ಇಟ್ಟರೆ ಮೊದಲನೆಯದಕ್ಕೂ ಬೆಲೆ ಸಿಗುವುದಿಲ್ಲ.

ಕಾಯ್ದೆಯ ಕನಿಷ್ಠ ಮಟ್ಟ

ನಮ್ಮ ರಾಜ್ಯದಲ್ಲಿ ಹಬ್ಬದ ರಜೆಗೆ ಆಧಾರ 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜಾ ದಿನಗಳ) ಕಾಯ್ದೆ. ಇದರಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಈ ಐದು ದಿನಗಳು ವೇತನಸಹಿತ ರಜೆಗಳು. ಇವುಗಳ ಜೊತೆಗೆ ಐದು ಹಬ್ಬದ ರಜೆಗಳು. ಹೀಗೆ ವರ್ಷಕ್ಕೆ ಒಟ್ಟು 10 ದಿನ. ಆ ಐದು ಹಬ್ಬಗಳು ಯಾವುವೆಂಬುದು ಮಾಲೀಕರೊಬ್ಬರ ಇಚ್ಛೆಗೆ ಬಿಟ್ಟ ವಿಷಯವಲ್ಲ. ಕಾರ್ಮಿಕರೊಡನೆಯೂ ಸಮಾಲೋಚನೆ ನಡೆಯಬೇಕೆಂಬುದೇ ಕಾಯ್ದೆಯ ಆಶಯ. ರಜೆಯ ದಿನ ಕೆಲಸ ಮಾಡಿಸಿಕೊಂಡಲ್ಲಿ ಎರಡರಷ್ಟು ವೇತನ ಕೊಡಬೇಕು, ಇಲ್ಲವೇ ಆ ದಿನದ ವೇತನದೊಡನೆ ವೇತನಸಹಿತವಾದ ಬದಲಿ ರಜೆ ಕೊಡಬೇಕು.

ಕಾಯ್ದೆ ಹೇಳುವುದು ಪೂರ್ಣ ದಿನದ ರಜೆಯನ್ನು ಎಂಬುದನ್ನು ಗಮನಿಸಬೇಕು. ನಮ್ಮ ಕಾರ್ಖಾನೆಗಳಲ್ಲಿ ಆಯುಧಪೂಜೆಯನ್ನು ರಜೆಯ ಪಟ್ಟಿಯಲ್ಲಿ ಸೇರಿಸಿ, ಅದೇ ದಿನ ಬೆಳಿಗ್ಗೆ ಯಂತ್ರ ತೊಳೆಯಲು, ಪೂಜೆಗೆ ನಿಲ್ಲಲು ಎಲ್ಲರೂ ಬರಬೇಕೆಂದು ಕಡ್ಡಾಯ ಮಾಡುವುದುಂಟು. ಮಧ್ಯಾಹ್ನದವರೆಗೆ ಕಾರ್ಖಾನೆಯಲ್ಲಿ ಇರಿಸಿಕೊಂಡ ದಿನ ಪೂರ್ಣ ರಜೆ ಹೇಗಾದೀತು? ಅನೇಕ ಘಟಕಗಳವರು ಹಿಂದಿನ ದಿನವೇ ಕೆಲಸದ ಅವಧಿಯಲ್ಲಿ ಪೂಜೆ ಮುಗಿಸಿ, ಹಬ್ಬದ ದಿನ ಬಾಗಿಲು ಹಾಕುತ್ತಾರೆ. ಸಂಪ್ರದಾಯವೂ ಉಳಿಯುತ್ತದೆ, ಕಾಯ್ದೆಯೂ ಉಳಿಯುತ್ತದೆ.

ಗಳಿಕೆ ರಜೆಯ ವಿಷಯದಲ್ಲಿ ಈಚೆಗೆ ಮುಖ್ಯ ಬದಲಾವಣೆಯಾಗಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ ಮಾತ್ರ ಈ ರಜೆ ಸಲ್ಲುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಈ ಮಿತಿ 180 ದಿನಗಳಿಗೆ ಇಳಿದಿದೆ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಎಂಬ ಲೆಕ್ಕ ಹಾಗೆಯೇ ಇದೆ. ಅಂದರೆ ವರ್ಷದಲ್ಲಿ 200 ದಿನ ದುಡಿದ ಕಾರ್ಮಿಕನಿಗೆ ಹಿಂದೆ ಏನೂ ಇರಲಿಲ್ಲ. ಈಗ 10 ದಿನದ ಹಕ್ಕಿದೆ. ಬಿತ್ತನೆಗೋ ಸುಗ್ಗಿಗೋ ಎರಡು ತಿಂಗಳು ಊರಿಗೆ ಹೋಗಿ ಬರುವವರು ಅನೇಕರು ಈ ಗುಂಪಿನಲ್ಲಿದ್ದಾರೆ. ಬಳಸದೆ ಉಳಿದ ರಜೆಯನ್ನು 30 ದಿನಗಳವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ಕೇಳಿಯೂ ಕೊಡದೆ ನಿರಾಕರಿಸಿದ ರಜೆಗೆ ಈ ಮಿತಿಯೂ ಇಲ್ಲ. ಆದ್ದರಿಂದ ನಿರಾಕರಿಸಿದ ರಜೆ ಉಳಿತಾಯವಲ್ಲ, ಅದು ಬೆಳೆಯುತ್ತ ಹೋಗುವ ಸಾಲ.

ಇನ್ನೊಂದು ವಿಷಯ. ಶನಿವಾರ ಮತ್ತು ಸೋಮವಾರ ರಜೆ ಹಾಕಿದವರಿಗೆ ನಡುವಿನ ಭಾನುವಾರವನ್ನೂ ಸೇರಿಸಿ ಮೂರು ದಿನ ಕಳೆಯುವ ಪದ್ಧತಿ ಬಹಳ ಕಡೆ ಇದೆ. ಇದನ್ನು ಸ್ಯಾಂಡ್‌ವಿಚ್ ರಜೆ ಎಂದು ಕರೆಯುತ್ತಾರೆ. ಗಳಿಕೆ ರಜೆಯ ನಡುವೆ ಅಥವಾ ಅದರ ಎರಡು ತುದಿಗಳಲ್ಲಿ ಬರುವ ರಜಾ ದಿನಗಳನ್ನು ಗಳಿಕೆ ರಜೆಯ ಲೆಕ್ಕಕ್ಕೆ ಹಿಡಿಯಬಾರದೆಂದು ಹಳೆಯ ಕಾರ್ಖಾನೆ ಕಾಯ್ದೆಯೂ ಹೇಳಿತ್ತು, ಹೊಸ ಸಂಹಿತೆಯೂ ಹೇಳುತ್ತದೆ.

ವ್ಯಾಪಾರಿ ಬಂಧುಗಳು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ನೆನಪಿಡಬೇಕು. ಅದರಲ್ಲಿಯೂ 20 ದಿನಕ್ಕೆ ಒಂದು ದಿನದ ವಾರ್ಷಿಕ ರಜೆ ಇದೆ. ಅನಾರೋಗ್ಯ, ಅಪಘಾತ ಮುಂತಾದ ಕಾರಣಗಳಿಗೆ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆ ಬೇರೆ ಇದೆ. ಚುನಾವಣೆಯ ಮತದಾನದ ದಿನ 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ವೇತನಸಹಿತ ರಜೆ ಕೊಡಬೇಕು. ಅದನ್ನು ಹಬ್ಬದ ರಜೆಯ ಲೆಕ್ಕದಲ್ಲಿ ಹೊಂದಿಸುವುದು ಸರಿಯಲ್ಲ.

ಹಾಜರಿ ಪುಸ್ತಕವನ್ನು ಓದುವ ಕ್ರಮ

ಪಕ್ಷಪಾತವಿದೆ ಎಂಬ ಮಾತು ಬಂದಾಗ ಅದನ್ನು ಅಲ್ಲಗಳೆಯುವ ಮೊದಲು, ಒಪ್ಪುವ ಮೊದಲು, ಹಿಂದಿನ 12 ತಿಂಗಳ ಹಾಜರಿ ಪುಸ್ತಕವನ್ನೂ ರಜೆ ಅರ್ಜಿಗಳನ್ನೂ ಮುಂದಿಟ್ಟುಕೊಂಡು ಒಂದು ತಖ್ತೆ ಸಿದ್ಧಪಡಿಸಬೇಕು. ಅದರಲ್ಲಿ ಐದು ಅಂಕಣಗಳಿದ್ದರೆ ಸಾಕು: ವಿಭಾಗ, ಕೇಳಿದ ದಿನಗಳು, ಎಷ್ಟು ದಿನ ಮುಂಚಿತವಾಗಿ ಕೇಳಿದರು, ಮಂಜೂರಾದ ದಿನಗಳು, ನಿರಾಕರಿಸಿದ್ದರೆ ಕಾರಣ.

ಇದನ್ನು ವಿಭಾಗವಾರು, ಪಾಳಿವಾರು ಕೂಡಿಸಿದಾಗ ಚಿತ್ರ ತಾನಾಗಿ ಮೂಡುತ್ತದೆ. ರಾತ್ರಿ ಪಾಳಿಯವರ ಅರ್ಜಿಗಳೇ ಹೆಚ್ಚಾಗಿ ನಿರಾಕರಣೆಯಾಗಿವೆಯೇ? ಒಬ್ಬನೇ ಕಾರ್ಮಿಕ ಸತತ ಎರಡು ವರ್ಷ ಯುಗಾದಿಗೆ ಊರಿಗೆ ಹೋಗಲಾಗಲಿಲ್ಲವೇ? ರಂಜಾನ್, ಕ್ರಿಸ್ಮಸ್, ನಾಗರಪಂಚಮಿಗೆ ಬಂದ ಅರ್ಜಿಗಳ ಗತಿ ಏನಾಯಿತು? ಕಾರಣದ ಅಂಕಣ ಖಾಲಿ ಇರುವ ನಿರಾಕರಣೆಗಳು ಎಷ್ಟು? ಅರ್ಜಿಯೇ ಇಲ್ಲದೆ ಬಾಯಿಮಾತಿನಲ್ಲಿ ನಡೆದುಹೋದ ರಜೆಗಳು ಎಷ್ಟು? ಕೊನೆಯ ಎರಡು ಪ್ರಶ್ನೆಗಳಿಗೆ ದೊಡ್ಡ ಸಂಖ್ಯೆ ಬಂದರೆ ರೋಗದ ಮೂಲ ಸಿಕ್ಕಂತೆಯೇ. ಬರೆದಿಡದ ನಿಯಮವೇ ಪಕ್ಷಪಾತಕ್ಕೆ ಆಶ್ರಯ.

ಮಾಲೀಕರ ಮುಂದೆ ವಿಷಯ ಮಂಡನೆ

ಈ ತಖ್ತೆಯನ್ನು ಕಾರ್ಮಿಕರ ಎದುರಿನಲ್ಲಾಗಲಿ ಸಭೆಯಲ್ಲಾಗಲಿ ತೆರೆಯಬಾರದು. ಮಾಲೀಕರೊಡನೆ ಪ್ರತ್ಯೇಕವಾಗಿ ಕುಳಿತು, ಒಂದೇ ಪುಟದ ಟಿಪ್ಪಣಿಯೊಂದಿಗೆ ಮಂಡಿಸಬೇಕು. ಟಿಪ್ಪಣಿಯಲ್ಲಿ ಕಾಯ್ದೆ ಮೀರಿದ ಅಂಶಗಳು ಮೊದಲು, ವೆಚ್ಚದ ಲೆಕ್ಕ ನಂತರ, ಸಲಹೆ ಕೊನೆಗೆ.

ವೆಚ್ಚದ ಲೆಕ್ಕಕ್ಕೆ ಒಂದು ಮಾದರಿ ನೋಡೋಣ. ಒಂದು ಘಟಕದಲ್ಲಿ 40 ಜನ ಕಾರ್ಮಿಕರು, ಸರಾಸರಿ ದಿನಗೂಲಿ 700 ರೂಪಾಯಿ ಎಂದಿಟ್ಟುಕೊಳ್ಳೋಣ. ಸ್ಯಾಂಡ್‌ವಿಚ್ ಪದ್ಧತಿಯಿಂದ ಪ್ರತಿಯೊಬ್ಬರಿಗೆ ವರ್ಷಕ್ಕೆ 2 ದಿನ ನಷ್ಟವಾದರೆ ಮಾಲೀಕರಿಗೆ ಉಳಿಯುವುದು 80 ದಿನಗಳ ಕೂಲಿ, ಅಂದರೆ 56,000 ರೂಪಾಯಿ. ಈಗ ಮತ್ತೊಂದು ಬದಿ. ಇದೇ ಬೇಸರದಿಂದ ಒಬ್ಬ ನುರಿತ ಸಿಎನ್‌ಸಿ ಆಪರೇಟರ್ ಪಕ್ಕದ ಘಟಕಕ್ಕೆ ಹೋದನೆಂದೂ, ಬದಲಿ ವ್ಯಕ್ತಿ ಸಿಗುವವರೆಗೆ ಯಂತ್ರ 12 ದಿನ ನಿಂತಿತೆಂದೂ, ಯಂತ್ರದ ಗಂಟೆಯ ದರ 500 ರೂಪಾಯಿಯೆಂದೂ ಹಿಡಿಯಿರಿ. ದಿನಕ್ಕೆ 8 ಗಂಟೆಯಂತೆ ನಷ್ಟ 48,000 ರೂಪಾಯಿ. ಹೊಸಬನು ಕೈ ಕುದುರುವವರೆಗೆ ಕೆಡಿಸುವ ಮಾಲು, ತಡವಾದ ಸರಬರಾಜು ಇದರಲ್ಲಿ ಸೇರಿಲ್ಲ. ಒಬ್ಬನು ಬಿಟ್ಟುಹೋದರೆ ಇಡೀ ವರ್ಷದ ಉಳಿತಾಯ ಕರಗಿಹೋಗುತ್ತದೆ. ಓದುಗರು ತಮ್ಮ ತಮ್ಮ ಘಟಕದ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ನೋಡಬೇಕು.

ಹೊಸ ನಿಯಮದಲ್ಲಿ ಇರಬೇಕಾದ ಅಂಶಗಳು

1. ಹೊಸ ವರ್ಷ ಆರಂಭವಾಗುವ ಮೊದಲೇ ಐದು ಹಬ್ಬಗಳ ಪಟ್ಟಿಯನ್ನು ಕಾರ್ಮಿಕರ ಪ್ರತಿನಿಧಿಗಳೊಡನೆ ಕುಳಿತು ತೀರ್ಮಾನಿಸಿ, ಕನ್ನಡದಲ್ಲಿ ಬರೆದು ಫಲಕಕ್ಕೆ ಹಚ್ಚಬೇಕು. ಪಂಚಾಂಗವನ್ನು ನೋಡಿ, ಭಾನುವಾರದಂದೇ ಬರುವ ಹಬ್ಬವನ್ನು ಪಟ್ಟಿಗೆ ಸೇರಿಸಿ ಒಂದು ರಜೆಯನ್ನು ನುಂಗುವ ಜಾಣತನ ಬೇಡ. ರಂಜಾನ್‌ನಂತಹ, ಚಂದ್ರದರ್ಶನವನ್ನು ಅವಲಂಬಿಸಿದ ಹಬ್ಬಕ್ಕೆ ಒಂದು ದಿನ ಹಿಂದುಮುಂದಾಗುವ ಅವಕಾಶವನ್ನು ಬರೆದಿಡಬೇಕು.

2. ಎಲ್ಲರಿಗೂ ಒಂದೇ ದಿನ ರಜೆ ಕೊಡಲಾಗದ ಕಡೆ ಸರದಿಯ ಪದ್ಧತಿ ಇರಲಿ. ದೀಪಾವಳಿಯ ಹೊತ್ತಿನಲ್ಲಿ ಬಟ್ಟೆ ಅಂಗಡಿಯವರು ಬಾಗಿಲು ಹಾಕಲಾಗದು, ನಿಜ. ಆದರೆ ಈ ವರ್ಷ ಹಬ್ಬದ ದಿನ ದುಡಿದವರಿಗೆ ಮುಂದಿನ ವರ್ಷ ಮೊದಲ ಆದ್ಯತೆ ಎಂದು ಪುಸ್ತಕದಲ್ಲಿ ಗುರುತು ಮಾಡಬಹುದು. ಸಮಾನ ಹಕ್ಕುದಾರರ ನಡುವೆ ಚೀಟಿ ಎತ್ತಿದರೆ ತಕರಾರಿಗೆ ಎಡೆಯಿಲ್ಲ.

3. ಬಿಹಾರ, ಒಡಿಶಾ, ಅಸ್ಸಾಂ ಮುಂತಾದ ಕಡೆಗಳಿಂದ ಬಂದವರಿಗೆ ಒಂದು ದಿನದ ರಜೆಯಿಂದ ಪ್ರಯೋಜನವಿಲ್ಲ. ಪ್ರಯಾಣಕ್ಕೇ ನಾಲ್ಕೈದು ದಿನ ಬೇಕು. ಗಳಿಕೆ ರಜೆಯನ್ನು ಹಬ್ಬದ ರಜೆಯೊಡನೆ ಒಟ್ಟಾಗಿ ಪಡೆಯಲು ಅವರಿಗೆ ಅವಕಾಶವಿರಲಿ. 2024ರ ನವೆಂಬರ್‌ನಿಂದ ರೈಲು ಟಿಕೆಟಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ಆರಂಭವಾಗುತ್ತದೆ. ಛಠ್ ಪೂಜೆಗೆ ಹೊರಡುವವನಿಗೆ ಹತ್ತು ದಿನ ಮೊದಲು ರಜೆ ಮಂಜೂರು ಮಾಡಿದರೆ ಟಿಕೆಟ್ ಎಲ್ಲಿಂದ ಬಂದೀತು? ಹೇಳದೆ ಹೊರಟುಹೋಗುವ ಕಾರ್ಮಿಕರ ಸಮಸ್ಯೆಗೆ ಇದೂ ಒಂದು ಕಾರಣ. 75 ದಿನ ಮೊದಲೇ ಅರ್ಜಿ, 65 ದಿನ ಮೊದಲೇ ತೀರ್ಮಾನ ಎಂಬ ನಿಯಮ ಎರಡೂ ಕಡೆಯವರಿಗೆ ಅನುಕೂಲ. ಉತ್ಪಾದನೆಯ ಯೋಜನೆಗೂ ಸಮಯ ದೊರೆಯುತ್ತದೆ.

4. ನಿರಾಕರಣೆ ಬರಹದಲ್ಲಿ, ಕಾರಣಸಹಿತವಾಗಿ, ಪರ್ಯಾಯ ದಿನಾಂಕದೊಡನೆ ಇರಬೇಕು. ಮೇಸ್ತ್ರಿಯ ನಿರಾಕರಣೆಯನ್ನು ಸಿಬ್ಬಂದಿ ಅಧಿಕಾರಿ ಮರುಪರಿಶೀಲಿಸಬೇಕು.

5. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಎರಡೂ ಪಕ್ಷದವರು ಸಮಸಂಖ್ಯೆಯಲ್ಲಿರುತ್ತಾರೆ. ರಜೆಯ ತಕರಾರುಗಳು ಅಲ್ಲಿಗೇ ಹೋಗಲಿ.

ಮಾಲೀಕರು ಒಪ್ಪದಿದ್ದರೆ

ಇದು ಅಧಿಕಾರಿಯ ನಿಜವಾದ ಪರೀಕ್ಷೆ. ಮೂರನೆಯ ಬಗೆಯ ನಿಯಮವಾದರೆ ಮಾಲೀಕರ ತೀರ್ಮಾನಕ್ಕೆ ತಲೆಬಾಗುವುದು ಸರಿ. ಪಕ್ಷಪಾತದ ವಿಷಯವಾದರೆ ಒಂದು ವಿಭಾಗದಲ್ಲಿ ಮೂರು ತಿಂಗಳು ಹೊಸ ಪದ್ಧತಿಯನ್ನು ಪ್ರಯೋಗಿಸಲು ಅನುಮತಿ ಕೇಳಬೇಕು; ಫಲಿತಾಂಶವೇ ಮಾತನಾಡಲಿ. ಕಾಯ್ದೆಯ ಉಲ್ಲಂಘನೆಯಾದರೆ ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ಕೊಟ್ಟು ಕಡತದಲ್ಲಿ ಇರಿಸಬೇಕು, ಕಾರ್ಮಿಕ ಇಲಾಖೆಯಿಂದಲೋ ಕಾನೂನು ಸಲಹೆಗಾರರಿಂದಲೋ ಸ್ಪಷ್ಟನೆ ಪಡೆಯುವಂತೆ ಸೂಚಿಸಬೇಕು.

ಒಂದು ಗೆರೆಯನ್ನು ಮಾತ್ರ ದಾಟಲೇಬಾರದು. ಹಬ್ಬದ ದಿನ ದುಡಿದವನನ್ನು ರಜೆಯಲ್ಲಿದ್ದನೆಂದು ತೋರಿಸುವ, ಕೊಡದ ಬದಲಿ ರಜೆಯನ್ನು ಕೊಟ್ಟಂತೆ ಬರೆಯುವ ಸುಳ್ಳು ದಾಖಲೆಗೆ ಸಹಿ ಹಾಕಬಾರದು. ತಪಾಸಣೆಯ ದಿನ ಆ ಸಹಿಗೆ ಉತ್ತರ ಹೇಳಬೇಕಾದವರು ಸಹಿ ಮಾಡಿದವರೇ. ಅಂತೆಯೇ, ದೂರು ಕೊಟ್ಟ ಕಾರ್ಮಿಕನ ಮೇಲೆ ಮುಂದಿನ ತಿಂಗಳು ಬೇರೆ ನೆಪದಲ್ಲಿ ಶಿಸ್ತು ಕ್ರಮ ಬಾರದಂತೆ ನೋಡಿಕೊಳ್ಳುವುದೂ ಅಧಿಕಾರಿಯ ಹೊಣೆ. ಮಾಲೀಕರಿಗೂ ಇದರಿಂದ ಹಿತವೇ ಹೊರತು ಹಾನಿಯಿಲ್ಲ. ಹಿತವಲ್ಲದ ಮಾತನ್ನೂ ಎದುರಿಗೇ ಹೇಳುವ ಅಧಿಕಾರಿಯಿದ್ದರೆ ತಕರಾರು ಕಾರ್ಖಾನೆಯ ಗೇಟಿನ ಹೊರಗೆ ಹೋಗುವ ಮೊದಲೇ ತೀರುತ್ತದೆ.

ಅಭ್ಯಾಸಕ್ಕಾಗಿ

ಸದಸ್ಯರು ತಮ್ಮ ಸಂಸ್ಥೆಯ ಮಟ್ಟಿಗೆ ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕೆಂದು ಕೋರಿಕೆ.

ಈ ವರ್ಷದ ಐದು ಹಬ್ಬಗಳನ್ನು ಯಾರು, ಯಾರೊಡನೆ ಕುಳಿತು ತೀರ್ಮಾನಿಸಿದರು?

180 ದಿನಕ್ಕಿಂತ ಹೆಚ್ಚು, 240 ದಿನಕ್ಕಿಂತ ಕಡಿಮೆ ದುಡಿದವರು ನಿಮ್ಮಲ್ಲಿ ಎಷ್ಟು ಜನರಿದ್ದಾರೆ? ಅವರ ರಜೆ ಲೆಕ್ಕಕ್ಕೆ ಬಂದಿದೆಯೇ?

ಕಳೆದ ವರ್ಷ ನಿರಾಕರಿಸಿದ ಅರ್ಜಿಗಳಲ್ಲಿ ಕಾರಣ ಬರೆದವು ಎಷ್ಟು?

ಕಳೆದ ದೀಪಾವಳಿಯಲ್ಲಿ ದುಡಿದವರ ಹೆಸರುಗಳನ್ನು ಈಗ ಪುಸ್ತಕ ನೋಡಿ ಹೇಳಬಲ್ಲಿರಾ?

ನಾಲ್ಕಕ್ಕೂ ಉತ್ತರ ಸಿದ್ಧವಿರುವ ಸಂಸ್ಥೆಯಲ್ಲಿ ಹಬ್ಬವು ಹಬ್ಬವಾಗಿಯೇ ಬರುತ್ತದೆ. ಇಲ್ಲದಿದ್ದರೆ, ಮುಂದಿನ ಹಬ್ಬಕ್ಕೆ ಮೊದಲೇ ಹಾಜರಿ ಪುಸ್ತಕವನ್ನು ತೆರೆದು ಕುಳಿತುಕೊಳ್ಳುವುದು ಒಳಿತು.