ಚನ್ನಪಟ್ಟಣದ ಅರಗಿನ ಸಾಮಗ್ರಿ: ಖರೀದಿ ದರದ ಲೆಕ್ಕಾಚಾರ

ಚನ್ನಪಟ್ಟಣವು ಆಟಿಕೆಗಳಿಗೆ ಹೆಸರಾಗಿದ್ದರೂ, ಅಲ್ಲಿನ ಕುಶಲಕರ್ಮಿಗಳು ಬಟ್ಟಲು, ಕುಂಕುಮದ ಭರಣಿ, ದೀಪದ ಕಂಬ ಮೊದಲಾದ ಗೃಹೋಪಯೋಗಿ ವಸ್ತುಗಳನ್ನೂ ತಯಾರಿಸುತ್ತಾರೆ. ‘ಕರಕುಶಲ ವಸ್ತು’ ಎಂಬ ಚೀಟಿಯಿಂದ ಮಾರಾಟ ಹೆಚ್ಚಬಹುದು. ಆದರೆ ಅದರ ಲಾಭ ತಯಾರಕನಿಗೆ ತಲುಪುವುದೇ ಎಂಬುದು ಖರೀದಿಯ ಷರತ್ತುಗಳನ್ನು ಅವಲಂಬಿಸಿದೆ.

ತಯಾರಿಕೆಯ ಕ್ರಮ

ಮುಖ್ಯ ಕಚ್ಚಾವಸ್ತು ಆಲೆಮರ. ಇದನ್ನು ತುಂಡರಿಸಿ, ತೇವಾಂಶ ಹೋಗುವವರೆಗೆ ಒಣಗಿಸಿ, ಲೇತ್‌ನಲ್ಲಿ ಕಡೆಯಲಾಗುತ್ತದೆ. ತಿರುಗುತ್ತಿರುವ ವಸ್ತುವಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಬಳಿಕ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡಲಾಗುತ್ತದೆ. ಸರಿಯಾಗಿ ಒಣಗದ ಮರ ಮುಂದೆ ಬಿರಿಯುತ್ತದೆ. ಆದ್ದರಿಂದ ಅವಸರದ ಬೇಡಿಕೆಯು ಗುಣಮಟ್ಟಕ್ಕೆ ಹಾನಿಕರ. ಅರಗು ಶಾಖಕ್ಕೆ ಮೆತ್ತಗಾಗುವುದರಿಂದ ಬಿಸಿ ಪದಾರ್ಥಕ್ಕೆ ಬಳಸಬಾರದೆಂಬ ಸೂಚನೆಯನ್ನು ಗ್ರಾಹಕರಿಗೆ ನೀಡುವುದು ವರ್ತಕರ ಹೊಣೆ.

ದರ ನಿಗದಿ

ಉದಾಹರಣೆಗೆ, ಒಂದು ಬಟ್ಟಲಿಗೆ ಮರ ಮತ್ತು ಅರಗು ರೂ. 70, ಎರಡು ಗಂಟೆಯ ಕೂಲಿ ರೂ. 160, ವಿದ್ಯುತ್ ಮತ್ತು ಉಪಕರಣ ರೂ. 20, ಒಟ್ಟು ರೂ. 250 ಎಂದಿಟ್ಟುಕೊಳ್ಳೋಣ. ಹತ್ತರಲ್ಲಿ ಒಂದು ಬಿರಿದರೆ, ರೂ. 2,500 ವೆಚ್ಚವನ್ನು ಒಂಬತ್ತು ಬಟ್ಟಲುಗಳೇ ಹೊರಬೇಕು. ಆಗ ನಿಜವಾದ ವೆಚ್ಚ ಸುಮಾರು ರೂ. 278. ರೂ. 250ಕ್ಕೇ ಖರೀದಿಸಿದರೆ ಪ್ರತಿ ಬಟ್ಟಲಿಗೂ ರೂ. 28 ಕುಶಲಕರ್ಮಿಯ ಕೂಲಿಯಿಂದಲೇ ಕಡಿತವಾದಂತೆ. ಅವನ ಲಾಭವನ್ನು ಇಲ್ಲಿ ಇನ್ನೂ ಸೇರಿಸಿಲ್ಲ.

ಹಣ ಪಾವತಿ

ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ, ಒಪ್ಪಂದವೇನೇ ಇದ್ದರೂ, ಸರಕು ಸ್ವೀಕರಿಸಿದ 45 ದಿನಗಳೊಳಗೆ ಹಣ ಸಲ್ಲಿಸಬೇಕೆಂದು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆ ವಿಧಿಸುತ್ತದೆ. ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ ಅವಧಿ 15 ದಿನ ಮಾತ್ರ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಕುಶಲಕರ್ಮಿಯು ಮುಂದಿನ ಮರವನ್ನು ಕೊಳ್ಳುವುದು ಈ ಹಣದಿಂದಲೇ ಎಂಬುದನ್ನು ಮರೆಯಲಾಗದು.

ಹೆಸರಿನ ರಕ್ಷಣೆ

ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳಿಗೆ 1999ರ ಕಾಯಿದೆಯಡಿ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಬೇರೆಡೆ ತಯಾರಾದ ಆಟಿಕೆಗೆ ಈ ಹೆಸರಿಟ್ಟು ಮಾರುವುದು ಉಲ್ಲಂಘನೆಯಾಗುತ್ತದೆ. ಖರೀದಿಸುವ ಮುನ್ನ ತಯಾರಕರು ಅಧಿಕೃತ ಬಳಕೆದಾರರೇ ಎಂಬುದನ್ನು ಪರಿಶೀಲಿಸುವುದು ಕ್ಷೇಮ.

ಒಟ್ಟಿನಲ್ಲಿ, ಒಡಕಿನ ನಷ್ಟವನ್ನು ಸೇರಿಸಿದ ದರ, ಮರ ಒಣಗಲು ಸಾಕಷ್ಟು ಅವಧಿ ಹಾಗೂ ಪಾವತಿಯ ದಿನಾಂಕ, ಈ ಮೂರನ್ನೂ ಖರೀದಿ ಆದೇಶದಲ್ಲಿಯೇ ಬರೆಯತಕ್ಕದ್ದು. ಆಗ ಕಸುಬುದಾರನ ಜೀವನವೂ ವರ್ತಕನ ಸರಬರಾಜೂ ಭದ್ರವಾಗುತ್ತವೆ.